"ಸಿಸ್ಟರ್, ನಮ್ಮವರು ಉಳಿಯುತ್ತಾರಾ?" ಎಂದು ಕೇಳಿದರೆ ಏನು ಹೇಳಬೇಕು?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಸೇರಿ 7 ತಿಂಗಳಾಯಿತು. ಕಿಮೋ ಹಾಕುವುದು, ರಕ್ತ ಏರಿಸುವುದು, ಗಾಯದ ಡ್ರೆಸ್ಸಿಂಗ್, ಎಲ್ಲ ಕೈಗೆ ಬಂದಿದೆ. ಮಾತು ಮಾತ್ರ ಇನ್ನೂ ಬಂದಿಲ್ಲ.

ಹೋದ ವಾರ ನೈಟ್ ಡ್ಯೂಟಿ ಇತ್ತು. ರಾಯಚೂರು ಕಡೆಯ ಒಬ್ಬರು, 50ರ ಆಸುಪಾಸು, ಬಾಯಿ ಕ್ಯಾನ್ಸರ್, ಶ್ವಾಸಕೋಶಕ್ಕೂ ಹರಡಿತ್ತು. ಅವರ ಹೆಂಡತಿ ಮೂರು ವಾರದಿಂದ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ರಾತ್ರಿ 11ಕ್ಕೆ ಇಂಜೆಕ್ಷನ್ ಕೊಟ್ಟು ಹೊರಗೆ ಬಂದರೆ ನನ್ನ ಹಿಂದೆಯೇ ಕಾರಿಡಾರಿಗೆ ಬಂದು "ಸಿಸ್ಟರ್, ನಮ್ಮೋರು ಉಳೀತಾರೇನ್ರೀ?" ಎಂದು ಕೇಳಿದರು. ನನಗೆ ಗೊತ್ತಿತ್ತು. ಕೇಸ್ ಶೀಟಿನಲ್ಲಿ ಬರೆದಿತ್ತು. ಆದರೂ "ಬೆಳಿಗ್ಗೆ ಡಾಕ್ಟರ್ ಬರುತ್ತಾರೆ, ಅವರನ್ನೇ ಕೇಳಿ, ಧೈರ್ಯವಾಗಿರಿ" ಎಂದು ಹೇಳಿ ಬಂದುಬಿಟ್ಟೆ. ಬೆಳಗಿನ ಜಾವ 4ಕ್ಕೆ ಅವರು ಹೋದರು. ಆ ಅಮ್ಮ ಅಳಲಿಲ್ಲ. "ಮದ್ಲ ಹೇಳಿದ್ರ ಊರಿಗೆ ಕರ್ಕೊಂಡು ಹೋಗ್ತಿದ್ವಿ. ಮನ್ಯಾಗ ಸಾಯ್ಬೇಕಂತಿದ್ರು" ಎಂದರು, ಅಷ್ಟೇ. ಆ ಮಾತು ನನ್ನ ಕಿವಿಯಿಂದ ಹೋಗುತ್ತಿಲ್ಲ.

ಕಾಲೇಜಿನಲ್ಲಿ ದುಃಖದ ಐದು ಹಂತ (ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು) ಎಂದು ಉರು ಹೊಡೆದಿದ್ದೇವೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡೆ. ಕಾರಿಡಾರಿನಲ್ಲಿ ಒಬ್ಬರು ಎದುರು ನಿಂತು ಕೇಳಿದಾಗ ಅದರಲ್ಲಿ ಒಂದೂ ಕೈಗೆ ಸಿಗಲಿಲ್ಲ. ರಾತ್ರಿ 38 ರೋಗಿಗಳಿಗೆ ನಾವು ಇಬ್ಬರೇ. ಕೂತು ಮಾತಾಡಲು ಸಮಯ ಎಲ್ಲಿದೆ? ಅನುಭವ ಇರುವವರು ಹೇಳಿ, ನೀವು ಏನು ಮಾಡುತ್ತೀರಿ?

ಮಂಗಳೂರು ಅಕ್ಕ

ತಂಗಿ, ಮೊದಲು ಇದನ್ನು ತಿಳಿದುಕೋ. ಊರಿಗೆ ಹೋಗುವ ವಿಷಯ ಆ ಕುಟುಂಬಕ್ಕೆ ಹೇಳುವ ಜವಾಬ್ದಾರಿ ನಿನ್ನೊಬ್ಬಳದೇ ಆಗಿರಲಿಲ್ಲ. ಮೂರು ವಾರ ಇದ್ದರು. ಹೇಳಬೇಕಾಗಿದ್ದವರು ಎಷ್ಟೋ ಜನ. ಆದರೆ ಆ ಅಮ್ಮ ಕೇಳಿದ್ದು ನಿನ್ನನ್ನು. ಯಾಕೆ ಅಂದರೆ ರಾತ್ರಿ ಎದ್ದಿರುವವರು ನಾವೇ. ಬೆಳಗಿನ ರೌಂಡ್ಸಿನಲ್ಲಿ ಹತ್ತು ಜನ ಬಿಳಿ ಕೋಟು ಹಾಕಿಕೊಂಡು ಮಂಚದ ಸುತ್ತ ನಿಂತಾಗ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಡ್ರೆಸ್ಸಿಂಗ್ ಬಿಚ್ಚುವಾಗ, ಬೆಡ್‌ಪ್ಯಾನ್ ತೆಗೆಯುವಾಗ, ದೀಪ ಆರಿಸಿದ ಮೇಲೆ ಕೇಳುತ್ತಾರೆ.

ನಾನು 19 ವರ್ಷದಿಂದ ಕ್ಯಾನ್ಸರ್ ರೋಗಿಗಳ ಜೊತೆ ಇದ್ದೇನೆ, ಅದರಲ್ಲಿ 11 ವರ್ಷ ಉಪಶಮನ ಆರೈಕೆಯಲ್ಲಿ, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಕೇರ್‌ನಲ್ಲಿ. "ಉಳಿಯುತ್ತಾರಾ" ಎಂದು ಕೇಳಿದರೆ ನಾನು ಮೊದಲು ಅವರನ್ನೇ ಕೇಳುತ್ತೇನೆ. "ಡಾಕ್ಟರ್ ಏನು ಹೇಳಿದ್ದಾರೆ? ನಿಮಗೇ ಏನನ್ನಿಸುತ್ತಿದೆ?" ಬಹಳ ಸಲ ಅವರ ಬಾಯಿಂದಲೇ ಬರುತ್ತದೆ. "ದಿನಾ ನೋಡ್ತಿದ್ದೀನಲ್ಲ ಸಿಸ್ಟರ್, ಇಳಿದು ಹೋಗ್ತಿದ್ದಾರೆ" ಅನ್ನುತ್ತಾರೆ. ಆಗ "ಹೌದಮ್ಮ, ನನಗೂ ಹಾಗೇ ಕಾಣುತ್ತಿದೆ" ಎಂದು ಹೇಳಬಹುದು. "ಡ್ಯೂಟಿ ಡಾಕ್ಟರನ್ನು ಈಗಲೇ ಕರೆಸುತ್ತೇನೆ, ಅವರು ಮಾತಾಡುವಾಗ ನಾನೂ ಪಕ್ಕದಲ್ಲೇ ಇರುತ್ತೇನೆ" ಎಂದೂ ಹೇಳಬಹುದು. ಎಷ್ಟು ದಿನ ಎಂದು ಲೆಕ್ಕ ಹೇಳಲು ಹೋಗಬೇಡ. ಅದನ್ನು ಡಾಕ್ಟರಿಗೆ ಬಿಡು. ಆದರೆ ಕಣ್ಣಿಗೆ ಕಾಣುತ್ತಿರುವುದನ್ನು ಇಲ್ಲ ಅನ್ನಬೇಡ.

ಆಮೇಲೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. "ಯಾರನ್ನಾದರೂ ಕರೆಸಬೇಕಾ? ಊರಿಗೆ ಹೋಗುವ ಆಸೆ ಇದೆಯಾ?" ನಮ್ಮ ರಾಜ್ಯದಲ್ಲಿ ಇದು ತುಂಬಾ ದೊಡ್ಡ ವಿಷಯ. ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಯಿತು. ಅಂದಿನಿಂದಲೂ ಕಲಬುರಗಿ, ಬಳ್ಳಾರಿ, ರಾಯಚೂರಿನ ಜನ ರಾತ್ರಿ ರೈಲು ಹಿಡಿದು ಬೆಂಗಳೂರಿಗೆ ಬರುತ್ತಲೇ ಇದ್ದಾರೆ. ಜೀವ ಇರುವಾಗ 400 ಕಿಲೋಮೀಟರ್ ಹೋಗುವುದೇ ಬೇರೆ. ಹೆಣ ತಗೊಂಡು ಅಷ್ಟು ದೂರ ಹೋಗುವುದೇ ಬೇರೆ. ಆಂಬುಲೆನ್ಸಿನಲ್ಲಿ ತಡೆದುಕೊಳ್ಳುವ ಶಕ್ತಿ ಇರುವಾಗಲೇ ಅವರು ಹೊರಡಬೇಕು. ಹೊರಡುವಾಗ ಕೈಗೆ ಕೊಡಬೇಕಾದದ್ದು ಕೆಲವು ಇವೆ. ನೋವಿನ ಮಾತ್ರೆ, ಕಾಯಿಲೆ ಯಾವುದು ಎಂದು ಸರಿಯಾಗಿ ಬರೆದ ಡಿಸ್ಚಾರ್ಜ್ ಕಾಗದ, ರಾತ್ರಿಯಲ್ಲೂ ಎತ್ತುವ ಒಂದು ಫೋನ್ ನಂಬರ್. ಆ ಕಾಗದ ಇದ್ದರೆ ಮನೆಯಲ್ಲಿ ಜೀವ ಹೋದ ಮೇಲೆ ಸರ್ಟಿಫಿಕೇಟಿಗೆ ಅಲೆಯುವುದು ಕಡಿಮೆಯಾಗುತ್ತದೆ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಎಂದೂ ಹೇಳಿ ಕಳಿಸು. ಆ ಹೊತ್ತಿನಲ್ಲಿ ಅವರಿಗೆ ಅದು ನೆನಪಾಗುವುದಿಲ್ಲ.

ಐದು ಹಂತದ ಬಗ್ಗೆ. ಎಲಿಸಬೆತ್ ಕ್ಯೂಬ್ಲರ್ ರಾಸ್ ಎಂಬ ಮನೋವೈದ್ಯೆ ಅದನ್ನು 1969ರಲ್ಲಿ ಬರೆದರು. ಸಾಯುತ್ತಿದ್ದ ರೋಗಿಗಳ ಪಕ್ಕ ಕೂತು ಕೇಳಿಸಿಕೊಂಡು ಬರೆದದ್ದು. ಅವು ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಬರುವುದಿಲ್ಲ. ಬೆಳಿಗ್ಗೆ ಒಪ್ಪಿಕೊಂಡವರು ಮಧ್ಯಾಹ್ನ ಸಿಟ್ಟಾಗುತ್ತಾರೆ, ಸಂಜೆ "ಹೊಸ ಸ್ಕ್ಯಾನ್ ಮಾಡಿಸೋಣ" ಅನ್ನುತ್ತಾರೆ. ಸಿಟ್ಟು ಮಾತ್ರ ಯಾವಾಗಲೂ ನಮ್ಮ ಮೇಲೇ ಬೀಳುತ್ತದೆ, ಹತ್ತಿರ ಇರುವವರು ನಾವು ತಾನೆ. ಡ್ರಿಪ್ ಬದಲಿಸಲು ಹತ್ತು ನಿಮಿಷ ತಡವಾಯಿತು ಎಂದು ಕೂಗಾಡುವ ಮಗನಿಗೆ ಡ್ರಿಪ್ಪಿನ ಬಗ್ಗೆ ವಾದ ಮಾಡಬೇಡ. "ತಡವಾಯಿತು, ತಪ್ಪಾಯಿತು. ಅಪ್ಪನ ಸ್ಥಿತಿ ನೋಡಿ ಕಷ್ಟ ಆಗ್ತಿದೆ ಅಲ್ವಾ?" ಎಂದು ಕೇಳಿ ಸುಮ್ಮನೆ ನಿಲ್ಲು. ಕೂಗು ಅಳುವಾಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಇನ್ನೊಂದು ವಿಷಯ. ದುಃಖ ಎಂದರೆ ಮನೆಯವರದು, ಅದೂ ಸಾವಿನ ನಂತರ ಎಂದು ನಾವು ಅಂದುಕೊಳ್ಳುತ್ತೇವೆ. ರೋಗಿ ಅದಕ್ಕೂ ಮುಂಚೆ ಎಷ್ಟನ್ನೋ ಕಳೆದುಕೊಂಡಿರುತ್ತಾರೆ. ದವಡೆ ತೆಗೆದ ಮೇಲೆ ಮೊಮ್ಮಗು ಹತ್ತಿರ ಬರುವುದಿಲ್ಲ. ನಾಲಿಗೆ ತೆಗೆದ ಮೇಲೆ ಹೆಂಡತಿಯನ್ನು ಹೆಸರು ಹಿಡಿದು ಕರೆಯಲು ಆಗುವುದಿಲ್ಲ. ಗಾಯ ವಾಸನೆ ಬರುತ್ತದೆ ಎಂದು ನೆಂಟರು ಬಾಗಿಲಲ್ಲೇ ನಿಲ್ಲುತ್ತಾರೆ. ಮೆಟ್ರೋನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯಕ್ಕೆ ಹಾಕಿದರೆ ವಾಸನೆ ತುಂಬಾ ಕಡಿಮೆಯಾಗುತ್ತದೆ. ಡಾಕ್ಟರನ್ನು ಕೇಳಿ ಹಾಕು. ಇದೂ ದುಃಖಕ್ಕೆ ಮಾಡುವ ಆರೈಕೆಯೇ. ವಾಸನೆ ಹೋದ ಮೇಲೆ ಮಗಳು ಬಂದು ಅಪ್ಪನ ಮಂಚದ ಮೇಲೆ ಕೂತದ್ದನ್ನು ನಾನು ಕಂಡಿದ್ದೇನೆ.

ಸಮಯ ಇಲ್ಲ ಅಂದೆಯಲ್ಲ, ಒಪ್ಪುತ್ತೇನೆ. 38 ಜನರಿಗೆ ಇಬ್ಬರು ಅಂದರೆ ಅನ್ಯಾಯ, ಅದನ್ನು ಮೇಲಿನವರಿಗೆ ಹೇಳುತ್ತಲೇ ಇರಬೇಕು. ಆದರೂ ಎರಡು ನಿಮಿಷ ಸ್ಟೂಲ್ ಎಳೆದುಕೊಂಡು ಕೂರು. ನಿಂತುಕೊಂಡು ಹತ್ತು ನಿಮಿಷ ಮಾತಾಡಿದರೂ ಅವರ ಕಣ್ಣಿಗೆ ನೀನು ಹೊರಟವಳ ಹಾಗೇ ಕಾಣುತ್ತೀಯ.

ಕಾಫಿತೋಟ

ನಾನು ನರ್ಸ್ ಅಲ್ಲ. ಒಪ್ಪದ ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ನಮ್ಮ ಅಪ್ಪನಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಆಗಿತ್ತು. ಅವರಿಗೆ ಹೇಳಬೇಡಿ ಎಂದು ನಾವು ಮೂವರು ಮಕ್ಕಳೂ ಕೈ ಮುಗಿದಿದ್ದೆವು. ಒಂದು ಆಸ್ಪತ್ರೆಯಲ್ಲಿ ಯಾರೋ ನರ್ಸ್ ರಕ್ತ ತೆಗೆಯುತ್ತಾ "ನಿಮ್ಮದು ನಾಲ್ಕನೇ ಸ್ಟೇಜ್ ಅಲ್ವಾ" ಅಂದುಬಿಟ್ಟರು. ಅಪ್ಪ ಅವತ್ತಿನಿಂದ ಗೋಡೆ ಕಡೆ ತಿರುಗಿ ಮಲಗಿದರು. ಊಟ ಬಿಟ್ಟರು. ಹೇಳುವುದೇ ಸರಿ ಎಂದು ನೀವೆಲ್ಲ ಹೇಳುತ್ತೀರಿ, ನಾವು ಅದರ ಬೆಲೆ ಕೊಟ್ಟೆವು.

ಮಂಗಳೂರು ಅಕ್ಕ

ಬೇಜಾರು ಹೇಗೆ ಆಗುತ್ತದೆ. ಅದು ತುಂಬಾ ತಪ್ಪು. ಕೇಳದೇ ಇರುವವರಿಗೆ ಸೂಜಿ ಚುಚ್ಚುತ್ತಾ ಹೇಳುವ ಮಾತಲ್ಲ ಅದು. ಎಷ್ಟು ತಿಳಿಯಬೇಕು ಎಂದು ತೀರ್ಮಾನಿಸುವವರು ರೋಗಿಯೇ, ಅದಕ್ಕೆ ಮೊದಲು ಕೇಳಬೇಕು. "ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತಿದೆ? ಇನ್ನೂ ಜಾಸ್ತಿ ತಿಳಿಯಬೇಕು ಅನ್ನಿಸುತ್ತಾ, ಇಲ್ಲ ಮಕ್ಕಳ ಹತ್ತಿರ ಮಾತಾಡಿದರೆ ಸಾಕಾ?" ಎಂದು. ಕೆಲವರು "ಮಗನಿಗೆ ಹೇಳಿ ಸಾಕು" ಅನ್ನುತ್ತಾರೆ. ಅಲ್ಲಿಗೆ ನಿಲ್ಲಬೇಕು.

ಆದರೆ ಇನ್ನೊಂದು ಕಡೆಯನ್ನೂ ಹೇಳಲೇಬೇಕು. ಶಿವಮೊಗ್ಗ ಕಡೆಯ ಒಬ್ಬ ಅಡಿಕೆ ಬೆಳೆಗಾರರು ನಮ್ಮಲ್ಲಿದ್ದರು. ಮಗ ನನ್ನನ್ನು ಹೊರಗೆ ಕರೆದು "ಅಪ್ಪನಿಗೆ ಗೊತ್ತಾದರೆ ತಡೆಯಲ್ಲ, ಗ್ಯಾಸ್ಟ್ರಿಕ್ ಅಂತ ಹೇಳಿದ್ದೇವೆ" ಎಂದರು. ಅದೇ ರಾತ್ರಿ ಅಪ್ಪ ನನ್ನನ್ನು ಕರೆದು "ಕೊಯ್ಲಿನ ಹೊತ್ತಿಗೆ ನಾನು ಎದ್ದು ತೋಟಕ್ಕೆ ಹೋಗ್ತೀನಾ ಸಿಸ್ಟರ್?" ಎಂದು ಕೇಳಿದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. "ಕೊಯ್ಲಿನ ಹೊತ್ತಿಗೆ ಏನು ಆಗಬೇಕಿತ್ತು?" ಎಂದು ಕೇಳಿದೆ. ಸಾಲದ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ಮಗಳ ಪಾಲು ಏನು, ಕೊಯ್ಲಿನವರಿಗೆ ಕೊಟ್ಟ ಮುಂಗಡ ಎಷ್ಟು, ಒಂದೊಂದಾಗಿ ಹೇಳಿದರು. ಕೊನೆಗೆ "ನನ್ನ ಮಗನಿಗೆ ಇದು ಕ್ಯಾನ್ಸರ್ ಅಂತ ಹೇಳಬೇಡಿ, ಅವನು ತಡೆಯಲ್ಲ" ಎಂದರು. ಅವರಿಗೆ ಮೊದಲೇ ಗೊತ್ತಿತ್ತು! ಒಂದೇ ಕೋಣೆಯಲ್ಲಿ ಇಬ್ಬರೂ ಒಂಟಿಯಾಗಿದ್ದರು. ಮಾರನೇ ದಿನ ಅಪ್ಪನನ್ನು ಕೇಳಿ, ಒಪ್ಪಿಸಿ, ಮಗನನ್ನು ಕೂರಿಸಿದೆ. "ಅಪ್ಪನಿಗೆ ತೋಟದ ವಿಷಯ ನಿಮ್ಮ ಹತ್ತಿರ ಮಾತಾಡಬೇಕಂತೆ" ಎಂದಷ್ಟೇ ಹೇಳಿ ಪರದೆ ಎಳೆದು ಬಂದೆ. ನಿಮ್ಮ ಅಪ್ಪನಿಗೂ ಗೊತ್ತಿತ್ತೋ ಏನೋ, ನಾನು ಹೇಗೆ ಹೇಳಲಿ. ನಿಮಗೆ ಆದದ್ದು ಆಗಬಾರದಿತ್ತು.

ಕಾಫಿತೋಟ

ಅಕ್ಕಾ, ಸಾಯುವ ಎರಡು ದಿನ ಮೊದಲು ಅಪ್ಪ ಬ್ಯಾಂಕ್ ಪಾಸ್‌ಬುಕ್ ಎಲ್ಲಿದೆ ಎಂದು ನನಗೆ ಹೇಳಿದ್ದರು. "ಈಗ್ಯಾಕೆ ಅದೆಲ್ಲ, ಹುಷಾರಾಗಿ ಬನ್ನಿ" ಎಂದು ಬಾಯಿ ಮುಚ್ಚಿಸಿದ್ದೆ. ಈಗ ನೆನಪಾಯಿತು.

ತ್ರಿಶೂರ್ ಟು ಬೆಂಗಳೂರು

ನಾನು ಮಲಯಾಳಿ, 14 ವರ್ಷದಿಂದ ಇಲ್ಲಿ ಕೆಲಸ. ಕನ್ನಡ ಕಲಿಸಿದವರು ರೋಗಿಗಳೇ. ತಪ್ಪಿದ್ದರೆ ತಿದ್ದಿ.

ಬಂದ ಹೊಸದರಲ್ಲಿ ಒಬ್ಬ ಅಮ್ಮ, ಗರ್ಭಕೋಶದ ಕ್ಯಾನ್ಸರ್, "ಸಂಕಟ ಆಗ್ತಿದೆ ಸಿಸ್ಟರ್" ಎಂದರು. ನಮ್ಮ ಮಲಯಾಳಂನಲ್ಲಿ ಸಂಕಟ ಅಂದರೆ ದುಃಖ. ನಾನು ಪಕ್ಕ ಕೂತು ಕೈ ಹಿಡಿದು "ಯಾಕೆ ಅಮ್ಮ?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಅಳತೊಡಗಿದರು. ಚಿಕ್ಕ ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಇದ್ದಾಳೆ, ಅವಳ ತಲೆ ಬಾಚುವವರು ಯಾರೂ ಇಲ್ಲ ಎಂದರು. ಎಲ್ಲ ಮುಗಿದ ಮೇಲೆ ಸೀನಿಯರ್ ಸಿಸ್ಟರ್ ಬಂದು "ಅವರಿಗೆ ವಾಂತಿ ಬರುವ ಹಾಗೆ ಆಗ್ತಿದೆ, ಇಂಜೆಕ್ಷನ್ ಕೊಡು" ಎಂದರು. ಕೊಟ್ಟೆ. ಎರಡೂ ಬೇಕಿತ್ತು ಅವರಿಗೆ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಜಾಗ) ಶುರು ಮಾಡಿದ ಸಿಸಿಲಿ ಸಾಂಡರ್ಸ್ ಡಾಕ್ಟರ್ ಆಗುವ ಮೊದಲು ನರ್ಸ್ ಆಗಿದ್ದವರು. ನೋವು ಎಂದರೆ ಮೈಯದು ಮಾತ್ರ ಅಲ್ಲ, ಮನಸ್ಸು, ಮನೆ, ದೇವರು ಎಲ್ಲ ಸೇರಿದ್ದು ಎಂದು ಅವರು ಹೇಳಿದರು. ಕನ್ನಡದ ಸಂಕಟದಲ್ಲಿ ಅದು ಆಗಲೇ ಇದೆ. ಈಗ ಯಾರೇ ಸಂಕಟ ಅಂದರೂ "ಹೊಟ್ಟೆಯಲ್ಲಾ, ಮನಸ್ಸಿನಲ್ಲಾ?" ಎಂದು ಕೇಳುತ್ತೇನೆ. ಉತ್ತರ ಕರ್ನಾಟಕದವರು "ಬ್ಯಾನಿ", "ತ್ರಾಸ" ಅಂದರೂ ಅದನ್ನೇ ಕೇಳುತ್ತೇನೆ.

ಹಾಸನದ ಹುಡುಗಿ, ಅವತ್ತು ನೀನು ಅತ್ತೆಯಾ? ಯಾರ ಹತ್ತಿರವಾದರೂ ಹೇಳಿಕೊಂಡೆಯಾ? ಒಂದು ವಾರದಲ್ಲಿ ನಾಲ್ಕು ಸಾವು ನೋಡಿ ಮಾರನೇ ದಿನ ಏನೂ ಆಗದವಳ ಹಾಗೆ ಕಿಮೋ ಹಾಕುವುದು ಯಾರಿಗೂ ಸುಲಭ ಅಲ್ಲ. ನಮ್ಮ ವಾರ್ಡಿನಲ್ಲಿ ಸಾವು ಆದ ಮೇಲೆ ಡ್ಯೂಟಿ ಬದಲಾಗುವ ಹೊತ್ತಿಗೆ ಐದು ನಿಮಿಷ ನಿಂತು ಆ ರೋಗಿಯ ಬಗ್ಗೆ ಒಂದು ನೆನಪು ಹೇಳುತ್ತೇವೆ. ಅಷ್ಟೇ. ಅದೂ ಸಾಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಅದು ಉಚಿತ, ಕನ್ನಡದಲ್ಲಿ ಮಾತಾಡಬಹುದು. ರೋಗಿಯ ಮನೆಯವರಿಗೂ ಆ ನಂಬರ್ ಬರೆದು ಕೊಡು.

ಗ್ಲಿಸರಿನ್

ನರ್ಸ್‌ಗಳೇ ಮಾತಾಡುತ್ತಿದ್ದೀರಿ, ನಾನು ಆ ಕಡೆಯಿಂದ ಬರೆಯುತ್ತೇನೆ. 2009ರಲ್ಲಿ ನಮ್ಮ ಅಮ್ಮ ಹೋದಾಗ ನನಗೆ 12 ವರ್ಷ. ಸ್ತನ ಕ್ಯಾನ್ಸರ್. ಮನೆಯವರೆಲ್ಲ "ಮಗು ನೋಡಬಾರದು" ಎಂದು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಒಳಗೆ ಏನಾಗುತ್ತಿದೆ ಎಂದು ಯಾರೂ ಹೇಳಲಿಲ್ಲ. ನಾನು ಗಣಿತ ಪರೀಕ್ಷೆಯಲ್ಲಿ ಸುಳ್ಳು ಹೇಳಿದ್ದಕ್ಕೇ ಅಮ್ಮನಿಗೆ ಹೀಗಾಯಿತು ಎಂದುಕೊಂಡಿದ್ದೆ. ನಿಜವಾಗಿ ನಂಬಿದ್ದೆ.

ಒಬ್ಬ ಸಿಸ್ಟರ್ ನನ್ನ ಪಕ್ಕ ಬಂದು ಕೂತರು. "ಅಮ್ಮನ ಕಾಯಿಲೆ ತುಂಬಾ ಜಾಸ್ತಿ ಆಗಿದೆ. ಔಷಧಿಗೆ ವಾಸಿ ಆಗುತ್ತಿಲ್ಲ. ಬಹುಶಃ ಅಮ್ಮ ಸಾಯುತ್ತಾರೆ. ನೀನು ಮಾಡಿದ್ದರಿಂದ ಆಗಿದ್ದಲ್ಲ ಇದು" ಎಂದರು. ನಾನು ಕೇಳಿಯೇ ಇರಲಿಲ್ಲ, ಆದರೂ ಆ ಕೊನೆಯ ಮಾತು ಹೇಳಿದರು. ಹೇಗೆ ಗೊತ್ತಾಯಿತೋ. ಒಳಗೆ ಬರ್ತೀಯಾ ಎಂದು ಕೇಳಿದರು. ಕರೆದುಕೊಂಡು ಹೋಗುವ ಮೊದಲು ಒಳಗೆ ಏನು ಕಾಣುತ್ತದೆ ಎಂದು ಒಂದೊಂದಾಗಿ ಹೇಳಿದರು. ಮೂಗಿಗೆ ಟ್ಯೂಬ್ ಇದೆ, ಕೈ ಊದಿದೆ, ಉಸಿರಿನ ಶಬ್ದ ಬೇರೆ ತರ ಕೇಳುತ್ತದೆ, ಕಣ್ಣು ಬಿಡದಿದ್ದರೂ ನಿನ್ನ ಮಾತು ಕೇಳಿಸಬಹುದು. ಆಮೇಲೆ ಕೈಗೆ ಹತ್ತಿ ಮತ್ತು ಗ್ಲಿಸರಿನ್ ಕೊಟ್ಟು ಅಮ್ಮನ ತುಟಿಗೆ ಹಚ್ಚಲು ಹೇಳಿದರು. ಎರಡು ದಿನ ಅದು ನನ್ನ ಕೆಲಸವಾಗಿತ್ತು. ನಮ್ಮ ದೊಡ್ಡಮ್ಮ ಇವತ್ತಿಗೂ ಆ ಸಿಸ್ಟರ್ ತಪ್ಪು ಮಾಡಿದರು ಅನ್ನುತ್ತಾರೆ. ನನಗೆ ಅಮ್ಮನ ಕೊನೆಯ ದಿನ ಅಂದರೆ ನೆನಪಿಗೆ ಬರುವುದು ಆ ತುಟಿ, ನನ್ನ ಬೆರಳು. ಬೆಂಚು ಅಲ್ಲ.

ಅವರ ಹೆಸರು ನನಗೆ ಗೊತ್ತಿಲ್ಲ. ಕೇಳಬೇಕು ಎಂದು ಅವತ್ತು ತೋಚಲಿಲ್ಲ.

ಮನೆಮನೆ ನರ್ಸ್

ನಾನು ಹೋಮ್ ಕೇರ್ ತಂಡದಲ್ಲಿದ್ದೇನೆ, ವಾರಕ್ಕೆ ಐದು ದಿನ ವ್ಯಾನಿನಲ್ಲಿ ಹಳ್ಳಿ ಸುತ್ತುತ್ತೇನೆ. ಮೇಲಿನವರು ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. ಮುಂದೆ ಏನಾಗುತ್ತದೆ ಎಂದು ಮೊದಲೇ ಹೇಳಿ. ಜನಕ್ಕೆ ಸಾವಿನ ಭಯಕ್ಕಿಂತ, ಏನು ನೋಡುತ್ತಿದ್ದೇವೆ ಎಂದು ತಿಳಿಯದ ಭಯ ಜಾಸ್ತಿ ಇರುತ್ತದೆ.

ಕೊನೆಯ ದಿನಗಳಲ್ಲಿ ಊಟ ಸೇರುವುದಿಲ್ಲ. ನಮ್ಮಲ್ಲಿ ಉಪವಾಸ ಕಳಿಸಿದೆವು ಎಂಬುದು ಮನೆಯವರಿಗೆ ದೊಡ್ಡ ಸಂಕಟ. ಬಲವಂತವಾಗಿ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. "ತಿನ್ನದೇ ಇರುವುದರಿಂದ ಸಾಯುತ್ತಿಲ್ಲ, ಸಾವು ಹತ್ತಿರ ಬಂದಿರುವುದರಿಂದ ತಿನ್ನಲು ಆಗುತ್ತಿಲ್ಲ" ಎಂದು ನಾನು ಎರಡು ಮೂರು ಸಲ ಹೇಳುತ್ತೇನೆ. ತುಳಸಿ ನೀರೋ, ಜಮ್‌ಜಮ್ ನೀರೋ, ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡಲು ಅವರ ಕೈಗೇ ಕೊಡುತ್ತೇನೆ. ಗಂಟಲಲ್ಲಿ ಗೊರಗೊರ ಶಬ್ದ ಬರುತ್ತದೆ. ಕೇಳುವವರಿಗೆ ಕರುಳು ಕಿತ್ತು ಬರುತ್ತದೆ, ರೋಗಿಗೆ ಸಾಮಾನ್ಯವಾಗಿ ಅದರ ಅರಿವು ಇರುವುದಿಲ್ಲ. ಒಂದು ಬದಿಗೆ ತಿರುಗಿಸಿ ಮಲಗಿಸಿದರೆ ಕಡಿಮೆಯಾಗುತ್ತದೆ, ಅದಕ್ಕೆ ಗ್ಲೈಕೋಪೈರೋಲೇಟ್ ಎಂಬ ಇಂಜೆಕ್ಷನ್ ಕೂಡ ಇದೆ. ಅಂಗಾಲು ತಣ್ಣಗಾಗುತ್ತದೆ. ಉಸಿರು ನಿಂತು ನಿಂತು ಬರುತ್ತದೆ.

ತೀವ್ರ ನೋವಿಗೆ ಕೊಡುವ ಮಾರ್ಫಿನ್ ವಿಷಯ ದಯವಿಟ್ಟು ಮರೆಯಬೇಡಿ. ನಾಲ್ಕು ಗಂಟೆಗೊಂದು ಮಾತ್ರೆ ಎಂದು ಬರೆದುಕೊಟ್ಟು ಬರುತ್ತೇವೆ. ಕೊನೆಯ ಮಾತ್ರೆ ಕೊಟ್ಟದ್ದು ಮಗಳು. ಅರ್ಧ ಗಂಟೆಗೆ ಜೀವ ಹೋಗುತ್ತದೆ. ಆ ಹುಡುಗಿ ಜೀವನವಿಡೀ ನಾನೇ ಕೊಂದೆ ಎಂದುಕೊಂಡು ಇರುತ್ತಾಳೆ, ಯಾರ ಹತ್ತಿರವೂ ಹೇಳುವುದಿಲ್ಲ. ಇದು ನಾನು ಕಣ್ಣಾರೆ ಕಂಡದ್ದು. ಅದಕ್ಕೇ ಶುರುವಿನಲ್ಲೇ ಹೇಳುತ್ತೇನೆ. "ಯಾವುದೋ ಒಂದು ಮಾತ್ರೆ ಕೊನೆಯ ಮಾತ್ರೆ ಆಗಲೇಬೇಕು. ಅದು ನಿನ್ನ ಕೈಯಿಂದ ಆಗಬಹುದು. ನೋವಿಗೆ ತಕ್ಕ ಅಳತೆಯಲ್ಲಿ ಕೊಟ್ಟ ಮಾರ್ಫಿನ್ ಜೀವ ತೆಗೆಯುವುದಿಲ್ಲ, ಕಾಯಿಲೆ ತೆಗೆಯುತ್ತದೆ." ಜೊತೆಗೆ ಮಲಬದ್ಧತೆಗೆ ಮಾತ್ರೆ ಕೊಡಲೇಬೇಕು. 1985ರ ಮಾದಕ ವಸ್ತು ಕಾಯ್ದೆಯ ಭಯದಲ್ಲಿ ಎಷ್ಟೋ ಕಡೆ ಮಾರ್ಫಿನ್ ಇಡುತ್ತಲೇ ಇರಲಿಲ್ಲ. 2014ರಲ್ಲಿ ಕಾಯ್ದೆ ತಿದ್ದಿದ ಮೇಲೂ ಎಲ್ಲ ಕಡೆ ಸಿಗುವುದಿಲ್ಲ. ನೋವಿನಲ್ಲಿ ಕೂಗುತ್ತಾ ಸತ್ತವರ ಮನೆಯಲ್ಲಿ ದುಃಖದ ಜೊತೆ ಇನ್ನೂ ಏನೋ ಉಳಿದುಬಿಡುತ್ತದೆ.

ಜೀವ ಹೋದ ಮೇಲೆ ಅವಸರ ಬೇಡ. ಟ್ಯೂಬ್ ತೆಗೆಯಿರಿ, ಮುಖ ಒರೆಸಿ, ಮನೆಯವರು ಬಯಸಿದರೆ ಅವರನ್ನೂ ಕರೆದು ಒಟ್ಟಿಗೆ ಒರೆಸಿ. ತಾಳಿ, ಕಾಲುಂಗುರ ಕೇಳದೆ ಮುಟ್ಟಬೇಡಿ. "ಬಾಡಿ" ಎಂದು ಕರೆಯಬೇಡಿ, ಹೆಸರು ಹಿಡಿದು ಹೇಳಿ.

ಹನ್ನೊಂದನೇ ದಿನದ ಕೆಲಸ ಮುಗಿದ ಮೇಲೆ ನಾನು ಒಂದು ಫೋನ್ ಮಾಡುತ್ತೇನೆ. ಉಳಿದ ಮಾರ್ಫಿನ್ ಮಾತ್ರೆ ವಾಪಸ್ ಕೊಡಬೇಕಲ್ಲ, ಅದಕ್ಕೆ ಯಾರಾದರೂ ಬರುತ್ತಾರೆ. ಮಾತ್ರೆ ಎಣಿಸಿ ಕೊಟ್ಟ ಮೇಲೂ ಏಳುವುದಿಲ್ಲ. ಆಗಲೇ ಮಾತು ಶುರುವಾಗುವುದು. ಆರು ತಿಂಗಳು ದಾಟಿದರೂ ದಿನದ ಕೆಲಸ ಮಾಡಲು ಆಗುತ್ತಿಲ್ಲ, ಅವರ ಜೊತೆ ಹೋಗಿಬಿಡಬೇಕು ಅನ್ನುತ್ತಾರೆ ಅಂದರೆ ಮನೋವೈದ್ಯರ ಹತ್ತಿರ ಕಳಿಸಬೇಕು. ಸಾಯುವ ಮಾತು ಬಂದರೆ ಆರು ತಿಂಗಳು ಕಾಯಬೇಡಿ, ಅವತ್ತೇ ಕಳಿಸಿ.

ಮನೆಗೂ ಹೋಗಲು ಆಗದ, ಆಸ್ಪತ್ರೆಯಲ್ಲೂ ಇರಲು ಆಗದವರಿಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಎಂಬ ಹಾಸ್ಪಿಸ್ ಇದೆ. ಹಣ ತೆಗೆದುಕೊಳ್ಳುವುದಿಲ್ಲ. ನಿಮ್ಮ ವಾರ್ಡಿನ ಗೋಡೆಗೆ ಅವರ ನಂಬರ್ ಅಂಟಿಸಿಡು.

ಹಾಸನದ ಹುಡುಗಿ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಗ್ಲಿಸರಿನ್ ಅವರೇ, ನಿಮ್ಮದನ್ನು ಓದಿ ಹಾಸ್ಟೆಲಿನಲ್ಲಿ ಅತ್ತೆ. ತ್ರಿಶೂರ್ ಚೇಚಿ (ಅಕ್ಕ), ನೀವು ಕೇಳಿದಿರಲ್ಲ, ಅವತ್ತು ಅಳಲು ಆಗಿರಲಿಲ್ಲ.

ಒಂದು ವಿಷಯ ಹೇಳಬೇಕು. ಆ ರಾಯಚೂರಿನ ಅಮ್ಮ ನಿನ್ನೆ ಮಗನ ಜೊತೆ ಕಾಗದ ತಗೊಳ್ಳಲು ಬಂದಿದ್ದರು. ದೂರದಿಂದ ನೋಡಿದಾಗ ಸ್ಟೋರ್ ರೂಮಿಗೆ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಅದೇ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಅವರ ಪಕ್ಕ ಕೂತೆ. "ಅವತ್ತು ರಾತ್ರಿ ನೀವು ಕೇಳಿದಾಗ ನನಗೆ ಗೊತ್ತಿತ್ತು ಅಮ್ಮ. ಹೇಳಲು ಧೈರ್ಯ ಬರಲಿಲ್ಲ. ತಪ್ಪಾಯಿತು" ಎಂದೆ. ಅವರು ಸುಮಾರು ಹೊತ್ತು ಏನೂ ಹೇಳಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ, ಬೈಯಲೂ ಇಲ್ಲ. ಆಮೇಲೆ ಒಂದೇ ಕೇಳಿದರು. "ನಾ ಮಕ್ಕೊಂಡಿದ್ದೆ. ಅವ್ರು ನೀರು ಕೇಳಿದ್ರೇನು?"

2:30ಕ್ಕೆ ನಾನು ಹೋಗಿದ್ದೆ. ತುಟಿ ಒಣಗಿತ್ತು, ಹತ್ತಿಯಲ್ಲಿ ಒದ್ದೆ ಮಾಡಿದ್ದೆ. ಅದನ್ನೇ ಹೇಳಿದೆ. ಕೇಳಲಿಲ್ಲ, ಆದರೆ ನಾನು ಕೊಟ್ಟೆ, ಎರಡು ಸಲ ಚಪ್ಪರಿಸಿದರು ಎಂದೆ. "ಚಪ್ಪರಿಸಿದ್ರಾ?" ಎಂದು ಇನ್ನೊಂದು ಸಲ ಕೇಳಿದರು. ಹೌದು ಎಂದೆ. ಮಗನನ್ನು ಕರೆದು ಅವನಿಗೂ ಹೇಳಿಸಿದರು.

ಮಂಗಳೂರು ಅಕ್ಕಾ, ಉಪಶಮನ ಆರೈಕೆಯ ಸರ್ಟಿಫಿಕೇಟ್ ಕೋರ್ಸ್ ನೀವು ಎಲ್ಲಿ ಮಾಡಿದಿರಿ? ರಜೆ ಕೊಡುತ್ತಾರಾ ಎಂದು ಸೋಮವಾರ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಕೇಳಬೇಕು ಎಂದುಕೊಂಡಿದ್ದೇನೆ.

ಮಂಗಳೂರು ಅಕ್ಕ

ಮೆಸೇಜ್ ಮಾಡಿದ್ದೇನೆ, ನೋಡು. ಕೆಲಸದ ಜೊತೆಯಲ್ಲೇ ಮಾಡಬಹುದಾದದ್ದೂ ಇದೆ. ಸೋಮವಾರ ಹೋಗುವಾಗ 38ಕ್ಕೆ ಇಬ್ಬರು ಎಂಬುದನ್ನೂ ಬರೆದುಕೊಂಡು ಹೋಗು.